ಮರದ ತಿರುಳಿನಿಂದ ಎಥೆನಾಲ್: ನಾರು, ಪೂರ್ವ ಸಂಸ್ಕರಣೆ ಮತ್ತು ಶಿಲೀಂಧ್ರ ಕಿಣ್ವಗಳ ಆಯ್ಕೆ

ಕಾಗದದ ಕಾರ್ಖಾನೆಗೆ ಹೋಗುವಂಥ ಮರದ ತಿರುಳನ್ನು ಶಿಲೀಂಧ್ರದ ಕಿಣ್ವಗಳಿಂದ ಸಕ್ಕರೆಯಾಗಿ ಒಡೆದು, ಆ ಸಕ್ಕರೆಯನ್ನು ಯೀಸ್ಟಿನಿಂದ ಹುದುಗಿಸಿ ಎಥೆನಾಲ್ ಪಡೆಯುವ ಕೆಲಸದಲ್ಲಿ ಆಸಕ್ತಿ ತೋರುವವರು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯವರು: ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಜೈವಿಕ ತಂತ್ರಜ್ಞಾನ, ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿಗಳು, ತೋಟದ ಉಳಿಕೆಗೆ ಒಂದು ಬೆಲೆ ಸಿಗಬಹುದೇ ಎಂದು ಲೆಕ್ಕ ಹಾಕುವ ರೈತ ಉತ್ಪಾದಕ ಕಂಪನಿಗಳು, ಸಣ್ಣ ಘಟಕವೊಂದನ್ನು ಹೂಡುವ ಉಮೇದಿನವರು. ಮೂವರೂ ಮೊದಲು ಕೇಳುವ ಪ್ರಶ್ನೆ ಒಂದೇ, "ಯಾವ ಕಿಣ್ವ ಒಳ್ಳೆಯದು?" ಈ ಪ್ರಶ್ನೆ ತಪ್ಪಲ್ಲ, ಆದರೆ ಅದು ಮೂರನೆಯದಾಗಿ ಬರಬೇಕಾದ ಪ್ರಶ್ನೆ. ಮೊದಲನೆಯದು ನಾರು ಯಾವುದು ಎಂಬುದು. ಎರಡನೆಯದು ಕಿಣ್ವ ಮುಟ್ಟುವ ಮುನ್ನ ಆ ನಾರಿಗೆ ಏನು ಮಾಡಲಾಗಿದೆ ಎಂಬುದು. ಇವೆರಡೂ ಸರಿಯಾಗಿದ್ದರೆ ಸಾಧಾರಣ ಕಿಣ್ವವೂ ಕೆಲಸ ಮಾಡುತ್ತದೆ. ಇವು ಸರಿಯಿಲ್ಲದಿದ್ದರೆ ಅತ್ಯುತ್ತಮ ಕಿಣ್ವವೂ ಹಣ ನುಂಗಿ ಸುಮ್ಮನಾಗುತ್ತದೆ. ಈ ಬರಹ ಅದೇ ಕ್ರಮದಲ್ಲಿ ಸಾಗುತ್ತದೆ.

ಮೊದಲು ಮಿತಿಯ ಲೆಕ್ಕ

ಆಯ್ಕೆಗಳನ್ನು ತೂಗುವ ಮುನ್ನ ರಸಾಯನಶಾಸ್ತ್ರ ವಿಧಿಸಿರುವ ಮಿತಿಯನ್ನು ತಿಳಿದಿರಬೇಕು. ನಾರಿನ ಮುಖ್ಯ ವಸ್ತು ಸೆಲ್ಯುಲೋಸ್, ಅಂದರೆ ಗ್ಲೂಕೋಸ್‌ಗಳ ಉದ್ದ ಸರಪಳಿ. ಒಂದು ಗ್ರಾಂ ಸೆಲ್ಯುಲೋಸ್ ನೀರನ್ನು ಸೇರಿಸಿಕೊಂಡು ಒಡೆದಾಗ 1.11 ಗ್ರಾಂ ಗ್ಲೂಕೋಸ್ ಆಗುತ್ತದೆ. ಒಂದು ಗ್ರಾಂ ಗ್ಲೂಕೋಸಿನಿಂದ ಹೆಚ್ಚೆಂದರೆ 0.51 ಗ್ರಾಂ ಎಥೆನಾಲ್ ಬರುತ್ತದೆ, ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಹೀಗಾಗಿ ಶೇ 80ರಷ್ಟು ಸೆಲ್ಯುಲೋಸ್ ಇರುವ ಬಿಳುಪಾಗಿಸಿದ ಒಂದು ಕಿಲೋ ಒಣ ತಿರುಳಿನಿಂದ, ಒಂದಿಷ್ಟೂ ನಷ್ಟವಾಗದಿದ್ದರೆ, ಸುಮಾರು 575 ಮಿಲಿಲೀಟರ್ ಎಥೆನಾಲ್ ಸಿಗಬೇಕು. ಕಿಣ್ವ ಮತ್ತು ಯೀಸ್ಟ್ ಸೇರಿ ಶೇ 80ರಷ್ಟು ಕೆಲಸ ಮುಗಿಸಿದವು ಎಂದುಕೊಂಡರೆ ಅದು 460 ಮಿಲಿಲೀಟರಿಗೆ ಇಳಿಯುತ್ತದೆ. ಎಂದರೆ ಒಂದು ಲೀಟರಿಗೆ ಸುಮಾರು 2.2 ಕಿಲೋ ತಿರುಳು ಬೇಕು.

ಈಗ ಇದನ್ನು ಬೆಲೆಯ ಜೊತೆ ಇಟ್ಟು ನೋಡಿ. ತೈಲ ಕಂಪನಿಗಳು ಮೆಕ್ಕೆಜೋಳದ ಎಥೆನಾಲಿಗೆ 2024ರ ಜನವರಿಯಲ್ಲಿ ಕೊಡತೊಡಗಿದ ದರ ಲೀಟರಿಗೆ 71.86 ರೂಪಾಯಿ. ಆ ದರವನ್ನೇ ಹಿಡಿದರೂ ತಿರುಳಿನ ಬೆಲೆ ಕಿಲೋಗೆ 33 ರೂಪಾಯಿ ದಾಟಿದ ಕೂಡಲೇ ಕಿಣ್ವ, ಉಗಿ, ಕೂಲಿ ಯಾವುದನ್ನೂ ಸೇರಿಸದೆ ಕಚ್ಚಾವಸ್ತುವೊಂದೇ ಮಾರಾಟದ ಹಣವನ್ನೆಲ್ಲ ತಿಂದುಬಿಡುತ್ತದೆ. ಕಾಗದಕ್ಕೆ, ರೇಯಾನ್ ನೂಲಿಗೆ ಹೋಗುವ ಒಳ್ಳೆಯ ತಿರುಳು ಆ ಬೆಲೆಗೆ ಸಿಗುವುದು ಕಷ್ಟ. ಆದ್ದರಿಂದ ಕಾರ್ಖಾನೆಯ ತಿರುಳನ್ನು ಕೊಂಡು ಇಂಧನ ಮಾಡುತ್ತೇನೆ ಎನ್ನುವ ಯೋಜನೆ ಕಾಗದದ ಮೇಲೆಯೇ ಬಿದ್ದುಹೋಗುತ್ತದೆ. ಪ್ರಯೋಗಾಲಯದಲ್ಲಿ ಕಲಿಯಲು ಮಾತ್ರ ಅದಕ್ಕಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ನಾರಿನ ಆಯ್ಕೆ

ಮರದ ತಿರುಳು ಎಂದರೆ ಮರದಿಂದ ಲಿಗ್ನಿನ್ ಎಂಬ ಅಂಟುವಸ್ತುವನ್ನು ಬಹುಮಟ್ಟಿಗೆ ತೆಗೆದುಹಾಕಿದ ನಾರು. ನೀಲಗಿರಿಯಂಥ ಗಟ್ಟಿಮರದಲ್ಲಿ ಸೆಲ್ಯುಲೋಸ್ ಸುಮಾರು ಶೇ 40ರಿಂದ 50, ಲಿಗ್ನಿನ್ ಶೇ 25ರಿಂದ 30 ಇರುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಕ್ಸೈಲಾನ್ ಎಂಬ ಹೆಮಿಸೆಲ್ಯುಲೋಸ್, ಅಂದರೆ ಬೇರೆ ಸಕ್ಕರೆಗಳ ಗಿಡ್ಡ ಸರಪಳಿ; ಕ್ಸೈಲಾನ್ ಒಡೆದರೆ ಮುಖ್ಯವಾಗಿ ಕ್ಸೈಲೋಸ್ ಎಂಬ ಸಕ್ಕರೆ ಸಿಗುತ್ತದೆ. ಕಾಗದ ಕಾರ್ಖಾನೆಗಳ ಕ್ರಾಫ್ಟ್ ಎಂಬ ಕ್ಷಾರೀಯ ವಿಧಾನದಲ್ಲಿ ಬೇಯಿಸಿ ತಿರುಳು ಮಾಡಿದಾಗ ಮರದ ತೂಕದ ಅರ್ಧಕ್ಕಿಂತ ತುಸು ಕಡಿಮೆ ಉಳಿಯುತ್ತದೆ, ಆದರೆ ಉಳಿದದ್ದರಲ್ಲಿ ಸೆಲ್ಯುಲೋಸಿನ ಪಾಲು ಏರಿ, ಲಿಗ್ನಿನ್ ಬಹುತೇಕ ಇಲ್ಲವಾಗುತ್ತದೆ. ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ಒಂದು ಕಿಲೋ ನೀಲಗಿರಿ ಮರವನ್ನು ಉಗಿಯಿಂದ ಸಂಸ್ಕರಿಸಿ ಶೇ 70ರ ದಕ್ಷತೆಯಲ್ಲಿ ನೇರವಾಗಿ ಎಥೆನಾಲ್ ಮಾಡಿದರೂ, ಅದೇ ಒಂದು ಕಿಲೋ ಮರವನ್ನು ಮೊದಲು ತಿರುಳು ಮಾಡಿ ಶೇ 80ರ ದಕ್ಷತೆಯಲ್ಲಿ ಹುದುಗಿಸಿದರೂ ಕೊನೆಗೆ ಸಿಗುವುದು ಹೆಚ್ಚುಕಡಿಮೆ 220 ಮಿಲಿಲೀಟರಿನಷ್ಟೇ. ತಿರುಳಿನ ಹೆಚ್ಚಿನ ಇಳುವರಿ ಎಂಬುದು ತಿರುಳಿನ ಕಿಲೋಗೆ ಹೇಳುವ ಮಾತೇ ಹೊರತು ಮರದ ಕಿಲೋಗೆ ಅಲ್ಲ. ತಿರುಳಿನ ನಿಜವಾದ ಅನುಕೂಲ ಬೇರೆ: ಅದು ಕಡಿಮೆ ಕಿಣ್ವದಲ್ಲಿ, ಕಡಿಮೆ ಸಮಯದಲ್ಲಿ, ಯೀಸ್ಟಿಗೆ ತೊಂದರೆ ಕೊಡುವ ವಿಷಗಳಿಲ್ಲದೆ ಸಕ್ಕರೆಯಾಗುತ್ತದೆ.

ತಿರುಳು ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ವಿಷಯ ಅದು ಒಮ್ಮೆ ಒಣಗಿದೆಯೇ ಎಂಬುದು. ಹಾಳೆಯಾಗಿ ಒಣಗಿಸಿದ ತಿರುಳಿನಲ್ಲಿ ನಾರಿನೊಳಗಿನ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಮತ್ತೆ ನೆನೆಸಿದರೂ ಪೂರ್ತಿಯಾಗಿ ತೆರೆದುಕೊಳ್ಳುವುದಿಲ್ಲ. ಆದ್ದರಿಂದ ಎಂದೂ ಒಣಗದ ಹಸಿ ತಿರುಳಿಗಿಂತ ಒಣ ಹಾಳೆ ನಿಧಾನವಾಗಿ ಕರಗುತ್ತದೆ. ಒಣ ಹಾಳೆಯೇ ಸಿಕ್ಕಿದರೆ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ಬಿಡಿಸಿ ಬಳಸಬೇಕು. ಎರಡು ಬ್ಯಾಚುಗಳ ಫಲಿತಾಂಶ ಹೋಲಿಸುವಾಗ ಒಂದು ಹಸಿ, ಇನ್ನೊಂದು ಒಣ ಇದ್ದರೆ ಆ ಹೋಲಿಕೆಗೆ ಅರ್ಥವಿಲ್ಲ.

ಇನ್ನು ನಮ್ಮ ಜಿಲ್ಲೆಗಳಲ್ಲಿ ಕಣ್ಣಿಗೆ ಬೀಳುವ ನಾರುಗಳು. ನೀಲಗಿರಿಯ ಹೆಸರು ಎತ್ತಿದರೆ ಇಲ್ಲಿ ಹಳೆಯ ಗಾಯವೊಂದು ಕೆದಕಿದಂತಾಗುತ್ತದೆ. 1980ರ ದಶಕದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿತೋಟಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿದ್ದರು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ನಿಂತಿರುವ ತೋಪುಗಳು ಕಡಿದಂತೆಲ್ಲ ಚಿಗುರುವುದರಿಂದ ಮರ ಇನ್ನೂ ಸಿಗುತ್ತದೆ ಎಂಬುದು ನಿಜ, ಆದರೆ ಹತ್ತಾರು ವರ್ಷ ಓಡಬೇಕಾದ ಘಟಕವನ್ನು ಕುಗ್ಗುತ್ತಿರುವ, ಕುಗ್ಗಬೇಕೆಂದೇ ಎಲ್ಲರೂ ಬಯಸುವ ಬೆಳೆಯ ಮೇಲೆ ನಿಲ್ಲಿಸುವುದು ವಿವೇಕವಲ್ಲ.

ರೇಷ್ಮೆ ಸೀಮೆಯಾದ ಶಿಡ್ಲಘಟ್ಟ, ಚಿಂತಾಮಣಿ ಕಡೆ ಹುಳುವಿಗೆ ಸೊಪ್ಪು ಹಾಕಿದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿ ನನ್ನ ದೃಷ್ಟಿಯಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದ ವಸ್ತು. ಅದು ವರ್ಷವಿಡೀ, ಬೆಳೆಯಿಂದ ಬೆಳೆಗೆ, ಒಂದೇ ಜಾಗದಲ್ಲಿ ರಾಶಿ ಬೀಳುತ್ತದೆ. ಎಳೆಯ ಕಡ್ಡಿಯಾದ್ದರಿಂದ ಚೂರು ಮಾಡುವುದು ಮರಕ್ಕಿಂತ ಸುಲಭ. ಅದಕ್ಕೂ ಬಳಕೆಗಳಿವೆ ಎಂಬುದನ್ನು ಮರೆಯಬಾರದು: ಒಲೆಗೆ ಉರುವಲು, ತೋಟಕ್ಕೆ ಹೊದಿಕೆ, ತಿಪ್ಪೆಗೆ ಗೊಬ್ಬರ. ತಿಪಟೂರು ಸೀಮೆಯ ತೆಂಗಿನ ನಾರು ಮತ್ತು ನಾರಿನ ಪುಡಿ ರಾಶಿ ರಾಶಿಯಾಗಿ ಸಿಗುತ್ತದೆ ಎಂದು ಹಲವರು ಅದರತ್ತ ವಾಲುತ್ತಾರೆ. ಈ ಕೆಲಸಕ್ಕೆ ಅದು ಬೇಡ ಎಂದೇ ಹೇಳುತ್ತೇನೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಶೇ 40ರ ಆಸುಪಾಸಿನಲ್ಲಿದೆ. ವರ್ಷಗಟ್ಟಲೆ ನೀರಿನಲ್ಲಿ ಬಿದ್ದರೂ ಕೊಳೆಯದಿರುವುದೇ ಅದರ ಗುಣ, ಹಗ್ಗಕ್ಕೆ ಹೇಳಿಮಾಡಿಸಿದ ಆ ಗುಣ ಕಿಣ್ವಕ್ಕೆ ಶತ್ರು. ರಾಗಿ ಹುಲ್ಲಿನಲ್ಲಿ ಲಿಗ್ನಿನ್ ಕಡಿಮೆ, ರಸಾಯನದ ದೃಷ್ಟಿಯಿಂದ ಒಳ್ಳೆಯದು, ಆದರೆ ಹಾಲಿನ ಡೇರಿಗಳನ್ನೇ ನಂಬಿರುವ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹಸುವಿನ ಬಾಯಿಂದ ಹುಲ್ಲು ಕಿತ್ತುಕೊಂಡು ಇಂಧನ ಮಾಡುವ ಮಾತನ್ನು ಬರಗಾಲದ ವರ್ಷದಲ್ಲಿ ಯಾರೂ ಆಡಲಾರರು. ಪಾವಗಡ, ಶಿರಾ ಕಡೆ ಹಬ್ಬಿರುವ ಬಳ್ಳಾರಿ ಜಾಲಿಯನ್ನು ಪರೀಕ್ಷಿಸಬಹುದು. ಮುಳ್ಳು, ಸಾಗಾಟ, ಇದ್ದಿಲಿನವರ ಪೈಪೋಟಿ ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಾರೂ ಮರವೆಂದು ಎಣಿಸದ ಒಂದು ಮರದ ತಿರುಳೂ ನಮ್ಮ ನಡುವೆ ಇದೆ: ರಟ್ಟಿನ ಪೆಟ್ಟಿಗೆ. ನರಸಾಪುರ, ವೇಮಗಲ್, ಮಾಲೂರು, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳಿಗೆ ಬಿಡಿಭಾಗಗಳು ಬರುವುದೇ ರಟ್ಟಿನಲ್ಲಿ. ಒಳ್ಳೆಯ ರಟ್ಟು ಗುಜರಿಯವರ ಕೈ ಸೇರಿ ಮತ್ತೆ ಕಾಗದವಾಗುತ್ತದೆ, ಅದನ್ನು ತಡೆಯುವ ಅಗತ್ಯವಿಲ್ಲ. ನೆನೆದು, ಎಣ್ಣೆ ಹತ್ತಿ, ಹಲವು ಬಾರಿ ಮರುಬಳಕೆಯಾಗಿ ನಾರು ಕುಗ್ಗಿ ಕಾಗದಕ್ಕೆ ಬಾರದ ರಟ್ಟು ಮತ್ತು ಕಾಗದ ಘಟಕಗಳ ಕೆಸರು ಮಾತ್ರ ಈ ಕೆಲಸಕ್ಕೆ ಸಹಜವಾದ ಕಚ್ಚಾವಸ್ತು. ಇವು ಒಮ್ಮೆ ಬೆಂದ ನಾರು. ಪೂರ್ವ ಸಂಸ್ಕರಣೆಯ ಖರ್ಚನ್ನು ಬೇರೊಬ್ಬರು ಈಗಾಗಲೇ ಭರಿಸಿದ್ದಾರೆ. ತೊಡಕು ಇರುವುದು ಕಾಗದಕ್ಕೆ ನುಣುಪು ಕೊಡಲು ಸೇರಿಸುವ ಸುಣ್ಣದ ಪುಡಿಯಲ್ಲಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ. ಬರೆಯುವ ಕಾಗದದಲ್ಲಿ, ಕೆಸರಿನಲ್ಲಿ ಇದು ಹೆಚ್ಚು. ಕಿಣ್ವಕ್ಕೆ ಬೇಕಾದ ಹುಳಿಯನ್ನು ಅದು ನುಂಗಿ ಪಿಎಚ್ ಏರಿಸುವುದರಿಂದ ಮೊದಲು ಆಮ್ಲ ಹಾಕಿ, ನೊರೆ ಏಳುವುದು ನಿಲ್ಲುವ ತನಕ ಕಾದು, ಆಮೇಲೆ ಕಿಣ್ವ ಸೇರಿಸಬೇಕು.

ಪೂರ್ವ ಸಂಸ್ಕರಣೆ: ಖರ್ಚು ಕೂಡುವ ಜಾಗ

ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಅಂಟು ಸಡಿಲಿಸದೆ ಎಳೆ ಹಿಡಿಯಲು ಹೋದರೆ ನೂಲು ತುಂಡಾಗುತ್ತದೆಯೇ ಹೊರತು ಬಿಚ್ಚಿಕೊಳ್ಳುವುದಿಲ್ಲ. ಮರದ ನಾರಿನ ವಿಷಯವೂ ಅಷ್ಟೇ. ಲಿಗ್ನಿನ್ ಕಿಣ್ವಕ್ಕೆ ಅಡ್ಡ ನಿಲ್ಲುವುದಲ್ಲದೆ ಕಿಣ್ವವನ್ನು ತನಗೇ ಅಂಟಿಸಿಕೊಂಡು ವ್ಯರ್ಥ ಮಾಡುತ್ತದೆ. ಕಾರ್ಖಾನೆಯ ತಿರುಳು, ರಟ್ಟು ಬಳಸುವವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಕಡ್ಡಿ, ಮರ ಬಳಸುವವರ ಮುಂದೆ ನಾಲ್ಕು ದಾರಿಗಳಿವೆ.

ಕಾಲೇಜು ಪ್ರಯೋಗಾಲಯಕ್ಕೆ ಎಟುಕುವುದು ಕ್ಷಾರದ ದಾರಿ: ಪುಡಿ ಮಾಡಿದ ನಾರನ್ನು ಶೇ 1ರಿಂದ 2ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಆಟೋಕ್ಲೇವಿನ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಬೇಯಿಸುವುದು. ಲಿಗ್ನಿನ್ ಕಪ್ಪು ನೀರಾಗಿ ಹೊರಬರುತ್ತದೆ, ಕ್ಸೈಲಾನ್ ಬಹುಪಾಲು ನಾರಿನಲ್ಲೇ ಉಳಿಯುತ್ತದೆ. ಆದರೆ ಆ ನಾರನ್ನು ತೊಳೆದು ತಟಸ್ಥಕ್ಕೆ ತರುವಷ್ಟರಲ್ಲಿ ಕಿಲೋ ಒಂದಕ್ಕೆ ಹತ್ತಿಪ್ಪತ್ತು ಲೀಟರ್ ನೀರು ಹೋಗುವುದು ಸಾಮಾನ್ಯ. ನೂರು ಗ್ರಾಂ ಮಾಡುವ ವಿದ್ಯಾರ್ಥಿಗೆ ಇದು ಲೆಕ್ಕಕ್ಕಿಲ್ಲ. ದಿನಕ್ಕೊಂದು ಟನ್ ಮಾಡುವವನಿಗೆ ಇದು ಪ್ರತಿದಿನ ಎರಡು ಮೂರು ಟ್ಯಾಂಕರ್ ನೀರು ಮತ್ತು ಅಷ್ಟೇ ಟ್ಯಾಂಕರ್ ಕಪ್ಪು ಕೊಳಚೆ. ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರನ್ನು ಕೆರೆಗೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆಗಳಲ್ಲಿ ಇದೊಂದೇ ಕಾರಣ ಸಾಕು, ಕ್ಷಾರದ ದಾರಿಯನ್ನು ದೊಡ್ಡ ಪ್ರಮಾಣಕ್ಕೆ ತೆಗೆದುಕೊಂಡು ಹೋಗದಿರಲು.

ತೆಳು ಗಂಧಕಾಮ್ಲದ ದಾರಿಯಲ್ಲಿ ಹೆಮಿಸೆಲ್ಯುಲೋಸ್ ಕರಗಿ ಸಕ್ಕರೆಯಾಗುತ್ತದೆ, ಲಿಗ್ನಿನ್ ಹೆಚ್ಚಾಗಿ ನಾರಿನೊಡನೆಯೇ ಉಳಿಯುತ್ತದೆ. ಬಿಸಿ ಹೆಚ್ಚಾದರೆ ಸಕ್ಕರೆಯೇ ಕೆಟ್ಟು ಫರ್ಫ್ಯುರಾಲ್‌ನಂಥ ವಿಷಗಳಾಗಿ ಯೀಸ್ಟಿನ ಕೈಕಾಲು ಕಟ್ಟುತ್ತವೆ. ನೀಲಗಿರಿಯಂಥ ಗಟ್ಟಿಮರದಿಂದ ಅಸಿಟಿಕ್ ಆಮ್ಲವೂ ಬಿಡುಗಡೆಯಾಗುತ್ತದೆ. ದೊಡ್ಡ ಕಾರ್ಖಾನೆಗಳು ಹೆಚ್ಚಾಗಿ ನೆಚ್ಚಿರುವುದು ಉಗಿ ಸ್ಫೋಟವನ್ನು: 180ರಿಂದ 220 ಡಿಗ್ರಿಯ ಉಗಿಯಲ್ಲಿ ಕೆಲವು ನಿಮಿಷ ಇಟ್ಟು ಒತ್ತಡವನ್ನು ಒಮ್ಮೆಲೇ ಬಿಟ್ಟಾಗ ನಾರು ಸೀಳಿಹೋಗುತ್ತದೆ. ನೀರು, ರಾಸಾಯನಿಕ ಎರಡೂ ಕಡಿಮೆ ಸಾಕು. ಆದರೆ ಆ ಒತ್ತಡ ತಾಳುವ ಪಾತ್ರೆಯನ್ನು ಊರಿನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡಿಸುವ ಯೋಚನೆಯನ್ನು ಯಾರೂ ಮಾಡಕೂಡದು. ಬಾಯ್ಲರ್ ಕಾನೂನಿನ ತಪಾಸಣೆಯಿಲ್ಲದ ಪಾತ್ರೆ ಜೀವಕ್ಕೆ ಎರವಾಗುತ್ತದೆ.

ನಾಲ್ಕನೆಯದು ಶಿಲೀಂಧ್ರದಿಂದಲೇ ಪೂರ್ವ ಸಂಸ್ಕರಣೆ. ಚಿಪ್ಪಣಬೆಯಂಥ ಬಿಳಿ ಕೊಳೆ ಶಿಲೀಂಧ್ರಗಳು ಲಿಗ್ನಿನ್ನನ್ನು ಒಡೆಯಬಲ್ಲವು, ಬಿಸಿಯೂ ಬೇಡ, ಆಮ್ಲವೂ ಬೇಡ. ಕೇಳಲು ಇಂಪಾದ ಈ ದಾರಿಗೆ ವಾರಗಟ್ಟಲೆ ಸಮಯ ಬೇಕು, ಮತ್ತು ಅಣಬೆ ಲಿಗ್ನಿನ್ ಜೊತೆಗೆ ಸೆಲ್ಯುಲೋಸನ್ನೂ ಹೆಮಿಸೆಲ್ಯುಲೋಸನ್ನೂ ತಿನ್ನುತ್ತದೆ. ಎಥೆನಾಲಿಗೆಂದೇ ಅಣಬೆ ಬೆಳೆಸುವುದು ಲಾಭವಲ್ಲ. ಅಣಬೆ ಬೆಳೆದು ಮಾರಿದ ಮೇಲೆ ಉಳಿಯುವ ಚೀಲದ ನಾರನ್ನು ಪರೀಕ್ಷಿಸುವುದು ಮಾತ್ರ ಅರ್ಥವುಳ್ಳ ಪ್ರಾಜೆಕ್ಟು, ಏಕೆಂದರೆ ಆಗ ಸಮಯದ ಖರ್ಚನ್ನು ಅಣಬೆಯೇ ತೀರಿಸಿರುತ್ತದೆ.

ಕಿಣ್ವ: ಕೊಳ್ಳುವುದೋ, ಬೆಳೆಸುವುದೋ

ಸೆಲ್ಯುಲೋಸ್ ಒಡೆಯುವುದು ಒಂದು ಕಿಣ್ವದ ಕೆಲಸವಲ್ಲ. ಎಂಡೋಗ್ಲೂಕನೇಸ್ ಸರಪಳಿಯನ್ನು ನಡುವೆ ಕತ್ತರಿಸುತ್ತದೆ. ಸೆಲ್ಲೋಬಯೋಹೈಡ್ರೋಲೇಸ್ ತುದಿಯಿಂದ ಎರಡೆರಡು ಗ್ಲೂಕೋಸ್‌ಗಳ ಜೋಡಿಯನ್ನು ಬಿಡಿಸುತ್ತ ಬರುತ್ತದೆ. ಬೀಟಾ ಗ್ಲೂಕೋಸಿಡೇಸ್ ಆ ಜೋಡಿಯನ್ನು ಬಿಡಿ ಗ್ಲೂಕೋಸ್ ಮಾಡುತ್ತದೆ. ಮೂರನೆಯದು ಹಿಂದೆ ಬಿದ್ದರೆ ಜೋಡಿ ಸಕ್ಕರೆ ಶೇಖರವಾಗಿ ಎರಡನೆಯದರ ಕೆಲಸವನ್ನು ತಡೆಯುತ್ತದೆ. ಇವುಗಳ ಜೊತೆಗೆ, ಹರಳುಗಟ್ಟಿದ ಸೆಲ್ಯುಲೋಸನ್ನು ಆಮ್ಲಜನಕದ ಸಹಾಯದಿಂದ ಸೀಳುವ ತಾಮ್ರಯುಕ್ತ ಕಿಣ್ವಗಳ ಗುಂಪೊಂದು 2010ರಿಂದೀಚೆಗೆ ಬೆಳಕಿಗೆ ಬಂದಿದೆ. ಇಂದಿನ ವಾಣಿಜ್ಯ ಮಿಶ್ರಣಗಳ ಬಲದಲ್ಲಿ ಅವುಗಳ ಪಾಲೂ ಇದೆ.

ಈ ಕಿಣ್ವಗಳ ಮೂಲಪುರುಷನೆಂದರೆ ಟ್ರೈಕೋಡರ್ಮಾ ರೀಸೈ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿಬಟ್ಟೆಯ ಡೇರೆಗಳನ್ನು ತಿಂದುಹಾಕಿದ ಶಿಲೀಂಧ್ರ ಇದು. ಅದನ್ನು ದೀರ್ಘಕಾಲ ಅಧ್ಯಯನ ಮಾಡಿದ ಎಲ್ವಿನ್ ರೀಸ್ ಅವರ ಹೆಸರೇ ಅದಕ್ಕೆ ನಿಂತಿದೆ. ಅದು ಹೊರಸೂಸುವ ಪ್ರೋಟೀನಿನಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಸೆಲ್ಲೋಬಯೋಹೈಡ್ರೋಲೇಸ್. ಅದರ ಕೊರತೆ ಬೀಟಾ ಗ್ಲೂಕೋಸಿಡೇಸಿನಲ್ಲಿ. ಆ ಕೊರತೆಯನ್ನು ತುಂಬುವುದು ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಸ್ಟು. ಪ್ರಯೋಗಾಲಯದಲ್ಲಿ ಎರಡನ್ನೂ ಬೇರೆ ಬೇರೆ ಬೆಳೆಸಿ, ರಸವನ್ನು ಬೆರೆಸುವುದು ಹಳೆಯ ಮತ್ತು ಈಗಲೂ ನಂಬಬಹುದಾದ ಕ್ರಮ.

ಇಲ್ಲಿ ನಮ್ಮ ರೈತರಿಗೆ ಆಗುವ ಒಂದು ಗೊಂದಲವನ್ನು ಬಿಡಿಸಬೇಕು. ಶುಂಠಿ, ಟೊಮೆಟೊ, ದಾಳಿಂಬೆಯ ಬೇರುಕೊಳೆಗೆ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ ಅಂಗಡಿಗಳಲ್ಲೂ ಸಿಗುವ ಟ್ರೈಕೋಡರ್ಮಾ ಪುಡಿ ಈ ಕೆಲಸಕ್ಕೆ ಬರುವುದಿಲ್ಲ. ಅದು ಅದೇ ಕುಲದ ಬೇರೆ ಪ್ರಭೇದ. ರೋಗಕಾರಕ ಶಿಲೀಂಧ್ರವನ್ನು ಹಿಮ್ಮೆಟ್ಟಿಸುವ ಗುಣಕ್ಕಾಗಿ ಆರಿಸಿದ್ದು. ಪೊಟ್ಟಣದ ಮೇಲೆ ಇರುವ ಸಂಖ್ಯೆ ಜೀವಂತ ಬೀಜಕಗಳದ್ದೇ ಹೊರತು ಕಿಣ್ವದ್ದಲ್ಲ. ಹಾಗೆಯೇ, ಗಾರ್ಮೆಂಟ್ ಘಟಕಗಳು ಜೀನ್ಸ್ ತೊಳೆಯಲು, ಬಟ್ಟೆಯ ನವಿರೆದ್ದ ಎಳೆ ತೆಗೆಯಲು ಬಳಸುವ ಸೆಲ್ಯುಲೇಸ್ (ಸೆಲ್ಯುಲೋಸ್ ಒಡೆಯುವ ಕಿಣ್ವ) ಕ್ಯಾನುಗಳು ಅಗ್ಗವಾಗಿ ಸಿಗುತ್ತವೆ ಎಂದು ತರುವವರಿದ್ದಾರೆ. ಬಟ್ಟೆಯ ಮೇಲ್ಮೈಯನ್ನಷ್ಟೇ ಸವರಿ, ಬಟ್ಟೆಯನ್ನು ಉಳಿಸಬೇಕಾದ ಕಿಣ್ವ ಅದು. ಅದರಲ್ಲಿ ನಡುವೆ ಕತ್ತರಿಸುವ ಕಿಣ್ವವೇ ಹೆಚ್ಚಿದ್ದು, ನಾರನ್ನು ಪೂರ್ತಿ ಸಕ್ಕರೆ ಮಾಡುವ ಶಕ್ತಿ ಕಡಿಮೆ. ಮಾರುವವರನ್ನು ಕೇಳಬೇಕಾದ ಒಂದೇ ಪ್ರಶ್ನೆ: ಮಿಲಿಲೀಟರಿಗೆ ಎಷ್ಟು ಫಿಲ್ಟರ್ ಪೇಪರ್ ಯೂನಿಟ್?

ಈ ಅಳತೆಯ ಕ್ರಮವನ್ನು ಜಗತ್ತು ಅನುಸರಿಸುವುದು ದೆಹಲಿಯ ಐಐಟಿಯ ತರುಣ್ ಘೋಷ್ 1987ರಲ್ಲಿ ಪ್ರಕಟಿಸಿದ ವಿಧಾನದಂತೆ. 1 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಉದ್ದದ, ಸುಮಾರು 50 ಮಿಲಿಗ್ರಾಂ ತೂಗುವ ವಾಟ್‌ಮನ್ 1ನೇ ನಂಬರಿನ ಫಿಲ್ಟರ್ ಕಾಗದವನ್ನು 50 ಡಿಗ್ರಿಯಲ್ಲಿ, ಪಿಎಚ್ 4.8ರಲ್ಲಿ, 60 ನಿಮಿಷದಲ್ಲಿ ಸರಿಯಾಗಿ 2 ಮಿಲಿಗ್ರಾಂ ಗ್ಲೂಕೋಸ್ ಮಾಡುವಷ್ಟು ಕಿಣ್ವವನ್ನು ಹುಡುಕಿ, ಅದರಿಂದ ಯೂನಿಟ್ ಲೆಕ್ಕ ಹಾಕಬೇಕು. ಕಿಣ್ವವನ್ನು ಎರಡು ಪಟ್ಟು ಹಾಕಿದರೆ ಸಕ್ಕರೆ ಎರಡು ಪಟ್ಟಾಗುವುದಿಲ್ಲ. ಆದ್ದರಿಂದಲೇ 2 ಮಿಲಿಗ್ರಾಂ ಎಂಬ ಗುರುತು. ಕಿಣ್ವವನ್ನು ಯಾವುದೋ ಒಂದು ಮಟ್ಟಕ್ಕೆ ತೆಳುಗೊಳಿಸಿ ಅಳೆದು ಗುಣಿಸಿಬಿಟ್ಟ ಸಂಖ್ಯೆಗಳು ಪ್ರಾಜೆಕ್ಟ್ ವರದಿಗಳಲ್ಲಿ ಧಾರಾಳವಾಗಿ ಸಿಗುತ್ತವೆ, ಅವನ್ನು ನಂಬಿ ಹೋಲಿಕೆಗೆ ಇಳಿಯಬಾರದು.

ಈಗ ನಿಜವಾದ ಹೋಲಿಕೆ. ಶಿಲೀಂಧ್ರವನ್ನು ತಾವೇ ಬೆಳೆಸುವವರಿಗೆ ಅತಿ ಸುಲಭದ ದಾರಿ ಗೋಧಿ ಬೂಸಾದ ಮೇಲೆ, ತಟ್ಟೆಗಳಲ್ಲಿ. ಬೂಸಾಕ್ಕೆ ಸ್ವಲ್ಪ ತಿರುಳಿನ ಪುಡಿ ಬೆರೆಸಿ, ಶೇ 60ರಿಂದ 65ರ ತೇವದಲ್ಲಿ ಆಟೋಕ್ಲೇವ್ ಮಾಡಿ, ಬೀಜಕ ಚಿಮುಕಿಸಿ 28ರಿಂದ 30 ಡಿಗ್ರಿಯಲ್ಲಿ ಐದರಿಂದ ಏಳು ದಿನ ಬಿಟ್ಟು, ಸಿಟ್ರೇಟ್ ದ್ರಾವಣದಲ್ಲಿ ನೆನೆಸಿ ಹಿಂಡಿ ಶೋಧಿಸಿದರೆ ಕಚ್ಚಾ ಕಿಣ್ವ ಸಿದ್ಧ. ತಿರುಳು ಬೆರೆಸುವುದಕ್ಕೆ ಕಾರಣವಿದೆ: ಸುಲಭದ ಗ್ಲೂಕೋಸ್ ಎದುರಿಗಿದ್ದರೆ ಶಿಲೀಂಧ್ರ ಸೆಲ್ಯುಲೇಸ್ ಮಾಡುವ ಗೋಜಿಗೇ ಹೋಗುವುದಿಲ್ಲ, ಸೆಲ್ಯುಲೋಸ್ ಅಥವಾ ಲ್ಯಾಕ್ಟೋಸ್ ಕಂಡಾಗ ಮಾಡುತ್ತದೆ. ಈ ನಿಗ್ರಹ ಸಡಿಲಗೊಂಡಿರುವ ರುಟ್ ಸಿ-30 ಎಂಬ ತಳಿ 1970ರ ದಶಕದ ಕೊನೆಯಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ತಳಿಗಳನ್ನು ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ಸಂಗ್ರಹಗಳಿಂದ ಕಾಲೇಜಿನ ಮೂಲಕ ತರಿಸಿಕೊಳ್ಳಬೇಕು. ಗೋಡೆಯ ಬೂಸ್ಟನ್ನೋ ಹೊಲದ ಮಣ್ಣಿನ ಶಿಲೀಂಧ್ರವನ್ನೋ ಪ್ರತ್ಯೇಕಿಸಿ ಬಳಸುವುದು ಸೂಕ್ಷ್ಮಜೀವಿಶಾಸ್ತ್ರದ ಅಭ್ಯಾಸಕ್ಕೆ ಸರಿ, ಆದರೆ ಆಸ್ಪರ್ಜಿಲಸ್ ಜಾತಿಗಳಲ್ಲಿ ವಿಷ ಉತ್ಪಾದಿಸುವವೂ ಇರುವುದರಿಂದ ಗುರುತಿಸದ ತಳಿಯನ್ನು ತಟ್ಟೆಗಟ್ಟಲೆ ಬೆಳೆಸುವುದು ಅಪಾಯ. ಗುರುತಿಸಿದ ತಳಿಯಾದರೂ ಬೀಜಕದ ಧೂಳು ಉಬ್ಬಸ ತರುತ್ತದೆ, ಮುಖಗವಸು ಕಡ್ಡಾಯ.

ಹೀಗೆ ಸಿಕ್ಕ ಕಚ್ಚಾ ರಸದಲ್ಲಿ ಮಿಲಿಲೀಟರಿಗೆ 1 ಯೂನಿಟ್ ಇದೆ ಎಂದುಕೊಳ್ಳೋಣ. ಅದು ಉದಾರವಾದ ಊಹೆ. ಸೆಲ್ಯುಲೋಸಿನ ಪ್ರತಿ ಗ್ರಾಮಿಗೆ 15 ಯೂನಿಟ್‌ನಂತೆ ಒಂದು ಕಿಲೋ ತಿರುಳಿನ 800 ಗ್ರಾಂ ಸೆಲ್ಯುಲೋಸಿಗೆ 12,000 ಯೂನಿಟ್, ಅಂದರೆ 12 ಲೀಟರ್ ರಸ ಬೇಕು. ಬೇರೆ ನೀರು ಒಂದು ಹನಿಯೂ ಸೇರಿಸದಿದ್ದರೂ ಕಿಣ್ವ ಶೇ 80ರಷ್ಟು ಕೆಲಸ ಮುಗಿಸಿದರೆ ಆ 12 ಲೀಟರಿನಲ್ಲಿ ಬರುವ ಗ್ಲೂಕೋಸ್ ಲೀಟರಿಗೆ 60 ಗ್ರಾಂ ಮುಟ್ಟದು, ಎಥೆನಾಲ್ ತೂಕದ ಲೆಕ್ಕದಲ್ಲಿ ಶೇ 3ರೊಳಗೇ ನಿಲ್ಲುತ್ತದೆ. ಬಟ್ಟಿ ಇಳಿಸುವ ಖರ್ಚು ಗಿಟ್ಟಬೇಕಾದರೆ ಕನಿಷ್ಠ ಶೇ 4 ಬೇಕು ಎಂಬುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪಿದ ಗೆರೆ. ವಾಣಿಜ್ಯ ಮಿಶ್ರಣಗಳಲ್ಲಿ ಮಿಲಿಲೀಟರಿಗೆ 100 ಯೂನಿಟ್‌ಗೂ ಹೆಚ್ಚು ಇರುವುದುಂಟು. ಅದೇ ಕೆಲಸಕ್ಕೆ 120 ಮಿಲಿಲೀಟರ್ ಸಾಕು. ಮನೆಯ ಕಿಣ್ವ ಸೋಲುವುದು ಅದರ ಗುಣದಿಂದಲ್ಲ, ಅದು ತನ್ನೊಡನೆ ತರುವ ನೀರಿನಿಂದ. ರಸವನ್ನು ಪೊರೆ ಶೋಧಕದಲ್ಲಿ ಸಾಂದ್ರಗೊಳಿಸಿಯೋ, ಬೂಸಾ ಸಮೇತ ನೇರವಾಗಿ ತಿರುಳಿಗೆ ಸುರಿದೋ ಈ ತೊಡಕನ್ನು ತಗ್ಗಿಸಬಹುದು. ಎರಡನೆಯ ಉಪಾಯ ಅಗ್ಗ, ಆದರೆ ಬೂಸಾದ ಜೊತೆ ಬೇಡದ ಬ್ಯಾಕ್ಟೀರಿಯಾಗಳಿಗೂ ದಾರಿ ತೆರೆದಂತಾಗುತ್ತದೆ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಕಿಣ್ವೋತ್ಪಾದನೆಯೇ ಕಲಿಕೆಯ ವಿಷಯವಾಗಿದ್ದರೆ ಬೆಳೆಸಿ. ಎಥೆನಾಲಿನ ಇಳುವರಿ ವಿಷಯವಾಗಿದ್ದರೆ ಕೊಳ್ಳಿ. ಒಂದೇ ಸೆಮಿಸ್ಟರಿನಲ್ಲಿ ಎರಡನ್ನೂ ಮಾಡಲು ಹೊರಟವರ ವರದಿಯಲ್ಲಿ ಎರಡೂ ಅರೆಬರೆಯಾಗಿರುತ್ತವೆ. ಕೊಂಡ ಕಿಣ್ವದಲ್ಲಿ ಸ್ಥಿರತೆಗೆಂದು ಸೇರಿಸಿದ ಸಕ್ಕರೆ ಇರಬಹುದಾದ್ದರಿಂದ ತಿರುಳಿಲ್ಲದೆ ಕಿಣ್ವ ಮಾತ್ರ ಇರುವ ಒಂದು ಕುಪ್ಪಿಯನ್ನು ತಪ್ಪದೆ ಜೊತೆಗೆ ಓಡಿಸಿ. ಪ್ರಯೋಗಾಲಯಗಳಲ್ಲಿ ಬಣ್ಣದ ಗಾಢತೆಯಿಂದ ಸಕ್ಕರೆ ಅಳೆಯುವ ಡಿಎನ್‌ಎಸ್ ವಿಧಾನ ಕ್ಸೈಲೋಸ್, ಜೋಡಿ ಸಕ್ಕರೆ ಎಲ್ಲವನ್ನೂ ಸೇರಿಸಿ ಅಳೆಯುವುದರಿಂದ, ಯೀಸ್ಟಿಗೆ ದಕ್ಕುವ ಗ್ಲೂಕೋಸ್ ಎಷ್ಟೆಂದು ತಿಳಿಯಲು ರಕ್ತಪರೀಕ್ಷಾ ಕೇಂದ್ರಗಳು ಬಳಸುವ ಗ್ಲೂಕೋಸ್ ಆಕ್ಸಿಡೇಸ್ ಕಿಟ್ಟನ್ನೇ ತಂದುಕೊಳ್ಳಬಹುದು.

ಹುದುಗಿಸುವ ಕ್ರಮ

ಇದರಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳುವುದು ಬೇಡ. ಕಿಣ್ವಕ್ಕೆ 50 ಡಿಗ್ರಿ ಹಿತ, ಬೇಕರಿಯ ಯೀಸ್ಟಿಗೆ 30ರಿಂದ 35. ಎರಡನ್ನೂ ಬೇರೆ ಬೇರೆ ನಡೆಸಿದರೆ ಪ್ರತಿ ಹಂತವನ್ನೂ ಅಳೆಯಬಹುದು, ತಪ್ಪು ಎಲ್ಲಾಯಿತೆಂದು ಗೊತ್ತಾಗುತ್ತದೆ. ಕಲಿಯುವವರಿಗೆ ಇದೇ ಸರಿ. ಒಟ್ಟಿಗೆ, 37 ಡಿಗ್ರಿಯ ಸುಮಾರಿಗೆ ನಡೆಸಿದರೆ ಆದ ಸಕ್ಕರೆಯನ್ನು ಯೀಸ್ಟ್ ಆಗಲೇ ತಿಂದುಬಿಡುವುದರಿಂದ ಕಿಣ್ವಕ್ಕೆ ತಡೆ ಬೀಳದು, ಇಳುವರಿ ಸಾಮಾನ್ಯವಾಗಿ ಮೇಲು, ಪಾತ್ರೆಯೂ ಒಂದೇ. ಆದರೆ ಯೀಸ್ಟ್ ಆಮ್ಲಜನಕವನ್ನು ಕಸಿಯುವುದರಿಂದ, ಆಮ್ಲಜನಕ ಬೇಡುವ ಹೊಸ ಕಿಣ್ವಗಳ ಲಾಭ ಅಲ್ಲಿ ಕೈತಪ್ಪುತ್ತದೆ. ಇವೆರಡರ ನಡುವಿನ ಹದವೆಂದರೆ ಮೊದಲ ಕೆಲವು ಗಂಟೆ 50 ಡಿಗ್ರಿಯಲ್ಲಿ ತಿರುಳನ್ನು ನೀರಾಗಿಸಿ, ಆಮೇಲೆ ತಣಿಸಿ ಯೀಸ್ಟ್ ಹಾಕುವುದು. ಶೇ 10ಕ್ಕಿಂತ ಹೆಚ್ಚು ತಿರುಳು ಹಾಕಿದಾಗ ಅದು ಗಟ್ಟಿ ಮುದ್ದೆಯಾಗಿ ಕಲಕಲು ಬಾರದು. ಆಗ ಈ ನಡುದಾರಿ ಅನಿವಾರ್ಯ. ಕೆಡದಿರಲೆಂದು ಸೋಡಿಯಂ ಅಜೈಡ್ ಹಾಕುವ ಅಭ್ಯಾಸ ಸಕ್ಕರೆಯ ಹಂತಕ್ಕೇ ನಿಲ್ಲುವವರದ್ದು. ಅದು ಕಡುವಿಷ, ಯೀಸ್ಟಿಗೂ ಆಗದು.

ಬೇಕರಿ ಯೀಸ್ಟ್ ಕ್ಸೈಲೋಸನ್ನು ಹುದುಗಿಸಲಾರದು ಎಂಬುದನ್ನೂ ನೆನಪಿಡಬೇಕು. ಷೆಫರ್ಸೊಮೈಸಿಸ್ ಸ್ಟಿಪಿಟಿಸ್ ಎಂಬ ಯೀಸ್ಟ್ ಹುದುಗಿಸಬಲ್ಲದು, ಆದರೆ ಅದಕ್ಕೆ ಅಳತೆ ತಪ್ಪದ ಅಲ್ಪ ಗಾಳಿ ಬೇಕು, ಆಲ್ಕೋಹಾಲ್ ತಾಳುವ ಶಕ್ತಿ ಕಡಿಮೆ. ಬಿಳುಪಾಗಿಸಿದ ತಿರುಳಿನಲ್ಲಿ ಕ್ಸೈಲಾನ್ ಶೇ 15ರಷ್ಟು ಇರುವುದರಿಂದ ಆ ನಷ್ಟ ಸಣ್ಣದೇನಲ್ಲ. ಆದರೂ ಮೊದಲ ಪ್ರಯೋಗದಲ್ಲೇ ಅದರ ಹಿಂದೆ ಬೀಳದಿರುವುದು ಒಳ್ಳೆಯದು.

ಪ್ರಮಾಣ ಮತ್ತು ಪರವಾನಗಿ

ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಎರಡನೆಯ ತಲೆಮಾರಿನ (ಧಾನ್ಯ, ಕಬ್ಬಿನ ಬದಲು ನಾರಿನಿಂದ ಮಾಡುವ) ಎಥೆನಾಲ್ ಕಾರ್ಖಾನೆ 2022ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಹೇಳಿದ ಗುರಿ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್. ಟನ್ನಿಗೆ 150 ಲೀಟರ್ ಆಯಿತು. ನೂರಾರು ಕೋಟಿ ಹೂಡಿದ ಘಟಕದ ಗುರಿಯೇ ಇಷ್ಟಿರುವಾಗ, ಟನ್ನಿಗೆ 300 ಲೀಟರ್ ಕೊಡುತ್ತೇವೆಂದು ಸಣ್ಣ ಯಂತ್ರ ಮಾರಲು ಬರುವವರ ಕರಪತ್ರವನ್ನು ಹೇಗೆ ಓದಬೇಕೆಂಬುದು ಓದುಗರಿಗೇ ಹೊಳೆಯುತ್ತದೆ. ನಾರ್ವೆಯ ಬೋರೆಗಾರ್ಡ್ ಕಾರ್ಖಾನೆ 1938ರಿಂದ ಮರದಿಂದ ಎಥೆನಾಲ್ ಮಾಡುತ್ತ ಬಂದಿದೆ ನಿಜ; ಅಲ್ಲಿ ಸೆಲ್ಯುಲೋಸ್, ಲಿಗ್ನಿನ್ ಎರಡೂ ಬೇರೆ ಸರಕಾಗಿ ಮಾರಾಟವಾಗುತ್ತವೆ, ಎಥೆನಾಲ್ ಆಗುವುದು ತಿರುಳು ಬೇಯಿಸಿದ ನೀರಿನಲ್ಲಿ ಉಳಿದ ಸಕ್ಕರೆಯಿಂದ. ಒಂದು ರೈತ ಉತ್ಪಾದಕ ಕಂಪನಿಗೆ ಈ ಸರಣಿಯಲ್ಲಿ ನಿಜವಾಗಿ ಕೈಗೆಟುಕುವ ವ್ಯಾಪಾರ ಇಂಧನವಲ್ಲ, ಹಿಪ್ಪುನೇರಳೆ ಕಡ್ಡಿಯನ್ನು ಚೂರು ಮಾಡಿ, ಒಣಗಿಸಿ, ತೂಕಕ್ಕೆ ಒಪ್ಪಿಸುವ ಸರಬರಾಜು; ಅದೂ ಕೊಳ್ಳುವವರು ಹತ್ತಿರದಲ್ಲಿದ್ದರೆ ಮಾತ್ರ.

ಕೊನೆಗೆ ಬಟ್ಟಿಯ ವಿಷಯ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಅಡಿಯಲ್ಲಿ ಪರವಾನಗಿಯಿಲ್ಲದೆ ಮದ್ಯಸಾರ ತಯಾರಿಸುವುದು ಅಪರಾಧ. ಅದು ವಾಹನಕ್ಕೆಂದು ಮಾಡಿದ್ದೆನ್ನುವ ಸಮಜಾಯಿಷಿ ನಡೆಯುವುದಿಲ್ಲ. ಕಾಲೇಜಿನ ಪ್ರಯೋಗಕ್ಕೆ ಬಟ್ಟಿ ಇಳಿಸುವ ಅಗತ್ಯವೂ ಹೆಚ್ಚಾಗಿ ಇರುವುದಿಲ್ಲ: ಹುದುಗಿದ ದ್ರವವನ್ನು ಶೋಧಿಸಿ ಗ್ಯಾಸ್ ಕ್ರೊಮಟೊಗ್ರಾಫಿಯಲ್ಲಿ ಅಳೆದರೆ ಎಥೆನಾಲ್ ಪ್ರಮಾಣ ತಿಳಿಯುತ್ತದೆ, ಆ ಯಂತ್ರವಿಲ್ಲದ ಕಡೆ ಕುಪ್ಪಿಯನ್ನು ಹುದುಗುವ ಮೊದಲೂ ಆಮೇಲೂ ತೂಗಿ, ಹಾರಿಹೋದ ಇಂಗಾಲದ ಡೈಆಕ್ಸೈಡಿನ ತೂಕವನ್ನು 1.05ರಿಂದ ಗುಣಿಸಿದರೂ ಹತ್ತಿರದ ಅಂದಾಜು ಸಿಗುತ್ತದೆ. ಕುಪ್ಪಿಯ ಬಾಯಿಗೆ ಅನಿಲವನ್ನಷ್ಟೇ ಹೊರಬಿಡುವ ನೀರಿನ ಬಿರಡೆ ಇರಬೇಕು, ತಕ್ಕಡಿ ಹತ್ತು ಮಿಲಿಗ್ರಾಮಿನ ವರೆಗೆ ತೋರಿಸುವಂಥದ್ದಾಗಿರಬೇಕು, ಮತ್ತು ಯೀಸ್ಟ್ ಹಾಕದ ಇನ್ನೊಂದು ಕುಪ್ಪಿಯನ್ನು ಪಕ್ಕದಲ್ಲೇ ಇಟ್ಟು ಆವಿಯಾಗಿ ಹೋದ ನೀರಿನ ತೂಕವನ್ನು ಕಳೆಯಬೇಕು.